ಅರ್ಧ ಮಿಲಿಮೀಟರ್ ಮರದ ಮೇಲೆ ಬಣ್ಣ: ವಿನಿಯರ್ ಕನ್ನಡಿ ಚೌಕಟ್ಟಿಗೆ ಮುಂಬೈ ಮನೆಯಲ್ಲೇ ಸ್ಟೇನ್ ಮತ್ತು ಪಾಲಿಶ್

ವಿನಿಯರ್, ಅಂದರೆ ತೆಳು ಮರದ ಹಾಳೆ, ಅಂಟಿಸಿದ ಕನ್ನಡಿ ಚೌಕಟ್ಟಿಗೆ ಬಣ್ಣ ಕೊಟ್ಟು ಪಾಲಿಶ್ ಮಾಡುವುದು ಮನೆಯಲ್ಲೇ ಆಗುವ ಕೆಲಸ. ಗಾಳಿಯಾಡುವ ಒಂದು ಬಾಲ್ಕನಿ, ವಾರದ ಬಿಡುವು, ಒಂದಿಷ್ಟು ಹಳೆಯ ಹತ್ತಿಬಟ್ಟೆ ಇದ್ದರೆ ಸಾಕು. ಆದರೆ ಕೈ ಹಾಕುವ ಮುಂಚೆ ಎರಡು ವಿಷಯ ತಲೆಯಲ್ಲಿ ಗಟ್ಟಿಯಾಗಿ ಕೂರಬೇಕು. ಒಂದು, ನೀವು ಉಜ್ಜಲು ಹೊರಟಿರುವ ಮರದ ದಪ್ಪ ಬರೀ ಅರ್ಧ ಮಿಲಿಮೀಟರ್. ಎರಡು, ಮುಂಬೈ ಗಾಳಿಯಲ್ಲಿ ಯಾವಾಗಲೂ ನೀರಿನ ಪಸೆ ಇರುತ್ತದೆ. ಬೆಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ಸಲೀಸಾಗಿ ಆಗುವ ಪಾಲಿಶ್ ಇಲ್ಲಿ ಬೆಳ್ಳಗಾಗುವುದು ಇದೇ ಕಾರಣಕ್ಕೆ. ಮುಂದೆ ಹೇಳುವುದೆಲ್ಲ ಈ ಎರಡು ಮಾತಿಗೆ ಹೊಂದಿಕೊಂಡೇ ಇದೆ.

ಕೆಲಸಕ್ಕೆ ಒಳ್ಳೆಯ ಕಾಲ ನವೆಂಬರ್‌ನಿಂದ ಫೆಬ್ರುವರಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಮಳೆ ಇರುವಷ್ಟು ದಿನ, ಉಜ್ಜುವುದು ಮತ್ತು ರಿಪೇರಿ ಮಾತ್ರ ಮಾಡಿಕೊಳ್ಳಿ. ಬಣ್ಣಕ್ಕೆ ಅವಸರ ಬೇಡ.

ಚೌಕಟ್ಟು ಯಾವುದು, ಮೇಲೇನಿದೆ?

ಈಗ ಅಂಗಡಿಯಲ್ಲಿ ಸಿಗುವ ವಿನಿಯರ್ ಸುಮಾರು 0.5 ಮಿ.ಮೀ. ದಪ್ಪ. ಮದುವೆಯ ಆಮಂತ್ರಣ ಪತ್ರಿಕೆಯಷ್ಟು ಅನ್ನಿ. ಅದರ ಕೆಳಗೆ ಪ್ಲೈವುಡ್ ಅಥವಾ ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಇರುತ್ತದೆ. ಗರಗಸದಿಂದ ಕೊಯ್ದು ಹಾಳೆ ತೆಗೆಯುತ್ತಿದ್ದ ಕಾಲದ ಹಳೆಯ ಚೌಕಟ್ಟುಗಳಲ್ಲಿ ಒಂದು ಮಿ.ಮೀ.ಗಿಂತ ಜಾಸ್ತಿ ಇರುವುದೂ ಉಂಟು. ಅಂಥದ್ದು ಸಿಕ್ಕರೆ ಸ್ವಲ್ಪ ಧೈರ್ಯವಾಗಿ ಕೆಲಸ ಮಾಡಬಹುದು.

ಮೊದಲು ಅದು ನಿಜವಾಗಿಯೂ ವಿನಿಯರೇ ಎಂದು ನೋಡಿ. ಮರದ ಚಿತ್ರ ಅಚ್ಚು ಹಾಕಿದ ಸನ್‌ಮೈಕಾ ಅಂಟಿಸಿರುವ ಚೌಕಟ್ಟುಗಳು ಬೇಕಾದಷ್ಟಿವೆ, ಅವಕ್ಕೆ ಸ್ಟೇನ್, ಅಂದರೆ ಮರದೊಳಗೆ ಇಳಿಯುವ ಬಣ್ಣ, ಹಿಡಿಯುವುದೇ ಇಲ್ಲ. ಚೌಕಟ್ಟಿನ ಹಿಂಬದಿ, ಕನ್ನಡಿ ಕೂರುವ ಒಳ ಮೆಟ್ಟಿಲಿನ ಹತ್ತಿರ ಹಾಳೆಯ ಕೊನೆ ಕಾಣುತ್ತದೆ. ಅಲ್ಲಿ ಕಂದು ಅಥವಾ ಕಪ್ಪು ಕಾಗದದ ಪದರ ಕಂಡರೆ ಅದು ಲ್ಯಾಮಿನೇಟ್, ಅಂದರೆ ಸನ್‌ಮೈಕಾ. ಮರದ ಎಳೆ ಕಂಡರೆ ವಿನಿಯರ್. ಪಾಲಿಶ್ ಆಗದ ಜಾಗದಲ್ಲಿ ಒಂದು ಹನಿ ನೀರು ಬಿಟ್ಟರೂ ಗೊತ್ತಾಗುತ್ತದೆ. ಮರವಾದರೆ ಆ ಜಾಗ ಗಾಢವಾಗುತ್ತದೆ.

ಹಳೆಯ ಚೌಕಟ್ಟು ಬೇಕಿದ್ದರೆ ಚೋರ್ ಬಜಾರ್‌ನ ಮಟನ್ ಸ್ಟ್ರೀಟ್ ಕಡೆ ಹೋಗಿ. ಶುಕ್ರವಾರ ಬಿಟ್ಟು ಹೋಗಿ, ಆ ದಿನ ಅಲ್ಲಿನ ಹಳೆ ಸಾಮಾನಿನ ಅಂಗಡಿಗಳು ಸಾಮಾನ್ಯವಾಗಿ ಮುಚ್ಚಿರುತ್ತವೆ. ಹೊಸದು ಬೇಕಿದ್ದರೆ ಜೋಗೇಶ್ವರಿ ಪಶ್ಚಿಮದ ಓಶಿವಾರಾ ಫರ್ನಿಚರ್ ಮಾರ್ಕೆಟ್ ಇದೆ, ಪಾಲಿಶ್ ಮಾಡದ ಚೌಕಟ್ಟು ಕೊಡಿ ಎಂದು ಕೇಳಿ. ಹಳೆಯದನ್ನು ಕೊಳ್ಳುವಾಗ ಅದನ್ನು ಒಂದು ಬಿಳಿ ಕಾಗದದ ಮೇಲೆ ಹಿಡಿದು ಮೆಲ್ಲಗೆ ತಟ್ಟಿ. ನುಣ್ಣನೆಯ ಹುಡಿ ಉದುರಿದರೆ ಒಳಗೆ ಕುಟ್ಟೆ ಹುಳ ಇನ್ನೂ ಬದುಕಿರಬಹುದು. ಅದಕ್ಕೆ ಮದ್ದು ಹಾಕಿ, ಕೆಲವು ವಾರ ಕಾದು, ಹುಡಿ ಬೀಳುವುದು ನಿಂತಿದೆ ಎಂದು ಖಾತ್ರಿಯಾದ ಮೇಲೆಯೇ ಮನೆಯ ಬೇರೆ ಮರದ ಸಾಮಾನಿನ ಹತ್ತಿರ ತನ್ನಿ.

ಪಾಲಿಶ್ ಈಗಾಗಲೇ ಇದ್ದರೆ ಅದು ಯಾವುದು ಎಂದು ತಿಳಿಯುವುದು ಸುಲಭ. ಕಣ್ಣಿಗೆ ಬೀಳದ ಮೂಲೆಯಲ್ಲಿ ಹತ್ತಿಗೆ ಪಾಲಿಶ್ ಸ್ಪಿರಿಟ್ ಹಾಕಿ ಒತ್ತಿ ಹಿಡಿಯಿರಿ. ಅಂಟಂಟಾದರೆ ಅದು ಅರಗಿನ ಪಾಲಿಶ್, ಅಂದರೆ ಫ್ರೆಂಚ್ ಪಾಲಿಶ್. ಸ್ಪಿರಿಟ್‌ಗೆ ಜಗ್ಗದೆ ಎನ್‌ಸಿ (ನೈಟ್ರೋಸೆಲ್ಯುಲೋಸ್) ಥಿನ್ನರ್‌ಗೆ ಕರಗಿದರೆ ಲ್ಯಾಕರ್. ಎರಡಕ್ಕೂ ಜಗ್ಗದಿದ್ದರೆ ಮೆಲಮೈನ್ ಅಥವಾ ಪಿಯು (ಪಾಲಿಯುರೆಥೇನ್). ಮೊದಲ ಎರಡನ್ನು ಆಯಾ ದ್ರವದಲ್ಲಿ ಅದ್ದಿದ ಬಟ್ಟೆಯಿಂದ, ಬಹಳ ನಯವಾದ ಸ್ಟೀಲ್ ವುಲ್‌ನಿಂದ ಮೆತ್ತಗೆ ಮಾಡಿ ಒರೆಸಿ ತೆಗೆಯಬಹುದು. ಮೂರನೆಯದು ಕಷ್ಟ. ಮೆಲಮೈನ್ ಗಟ್ಟಿಯಾಗಿ, ಒಡಕಿಲ್ಲದೆ ಇದ್ದರೆ ಅದನ್ನು ಕಿತ್ತು ಹಾಕುವ ಗೋಜಿಗೆ ಹೋಗಬೇಡಿ ಎಂಬುದೇ ನನ್ನ ಸಲಹೆ. 320 ನಂಬರ್ ಉಪ್ಪುಕಾಗದದಲ್ಲಿ ಹೊಳಪು ಹೋಗುವಷ್ಟು ಮಾತ್ರ ಉಜ್ಜಿ, ಬಣ್ಣ ಬೆರೆಸಿದ ಪಾಲಿಶನ್ನು ಮೇಲೆಯೇ ಕೊಡಿ. ಹೀಟ್ ಗನ್ ಮಾತ್ರ ಬೇಡವೇ ಬೇಡ. ಪಾಲಿಶ್ ಮೆತ್ತಗಾಗುವ ಹೊತ್ತಿಗೆ ಕೆಳಗಿನ ಅಂಟೂ ಮೆತ್ತಗಾಗಿ ಹಾಳೆ ಎದ್ದು ಬರುತ್ತದೆ.

ಹಳೆಯ ಚೌಕಟ್ಟಿಗೆ ಪೇಂಟ್ ಬಳಿದಿದ್ದರೆ ಒಣದಾಗಿ ಉಜ್ಜಬೇಡಿ. ಮನೆಬಳಕೆಯ ಪೇಂಟ್‌ನಲ್ಲಿ ಸೀಸ 90 ಪಿಪಿಎಂ ಮೀರಬಾರದು ಎಂಬ ನಿಯಮ ನಮ್ಮಲ್ಲಿ ಜಾರಿಗೆ ಬಂದಿದ್ದು 2017ರಲ್ಲಿ. ಅದಕ್ಕೆ ಮುಂಚಿನ ಪೇಂಟ್‌ನ ಧೂಳು ಮಕ್ಕಳಿರುವ ಮನೆಗೆ ಒಳ್ಳೆಯದಲ್ಲ.

ಕನ್ನಡಿ ತೆಗೆದಿಡಿ

ಗಾಜಿನ ಅಂಚಿಗೆ ಮಾಸ್ಕಿಂಗ್ ಟೇಪ್ ಅಂಟಿಸಿ ಕೆಲಸ ಮಾಡಿಬಿಡೋಣ ಎಂದು ಅನಿಸುವುದು ಸಹಜ. ಹಾಗೆ ಮಾಡಬೇಡಿ. ಕನ್ನಡಿಯ ಹಿಂದೆ ಬೆಳ್ಳಿಯ ಲೇಪ, ಅದನ್ನು ಕಾಯಲು ಒಂದು ಪದರ ಪೇಂಟ್ ಇರುತ್ತದೆ. ಥಿನ್ನರ್ ಅಂಚಿನಿಂದ ಒಳಗೆ ಇಳಿದರೆ ಆ ಪೇಂಟ್ ಬಿಡುತ್ತದೆ, ಬೆಳ್ಳಿ ಕಪ್ಪಾಗುತ್ತದೆ. ಒಮ್ಮೆ ಕಪ್ಪಾದ ಅಂಚು ಮತ್ತೆ ಬೆಳ್ಳಗಾಗುವುದಿಲ್ಲ.

ಮೇಜಿನ ಮೇಲೆ ಹಳೆಯ ಕಂಬಳಿ ಹಾಸಿ, ಚೌಕಟ್ಟನ್ನು ಮಗುಚಿ ಹಾಕಿ, ಹಿಂದಿನ ಹಲಗೆಯ ಮೊಳೆಗಳನ್ನು ಇಕ್ಕಳದಿಂದ ಒಂದೊಂದಾಗಿ ಎಳೆಯಿರಿ. ದಪ್ಪ ಕೈಗವಸು ಇರಲಿ. ದೊಡ್ಡ ಕನ್ನಡಿಯಾದರೆ ಇಬ್ಬರು ಬೇಕು. ಗಾಜಿನ ತೂಕ ಒಂದು ಚದರ ಮೀಟರಿಗೆ, ಪ್ರತಿ ಮಿ.ಮೀ. ದಪ್ಪಕ್ಕೆ, ಎರಡೂವರೆ ಕಿಲೋ. ಎರಡಡಿ ಅಗಲ, ಮೂರಡಿ ಎತ್ತರದ 5 ಮಿ.ಮೀ. ಗಾಜು ಒಂದೇ ಏಳು ಕಿಲೋ ತೂಗುತ್ತದೆ. ಈ ಲೆಕ್ಕ ಕಡೆಗೆ ಗೋಡೆಗೆ ಮೊಳೆ ಹೊಡೆಯುವಾಗಲೂ ಬೇಕಾಗುತ್ತದೆ. ತೆಗೆದ ಕನ್ನಡಿಯನ್ನು ಮಲಗಿಸಬೇಡಿ, ಗೋಡೆಗೆ ಒರಗಿಸಿ ನಿಲ್ಲಿಸಿ.

ಎದ್ದ ಹಾಳೆ, ಉಬ್ಬಿದ ಹಾಳೆ

ಇಡೀ ಚೌಕಟ್ಟನ್ನು ಉಗುರಿನಿಂದ ಮೆಲ್ಲಗೆ ತಟ್ಟುತ್ತಾ ಬನ್ನಿ. ಅಂಟು ಬಿಟ್ಟ ಕಡೆ ಸದ್ದು ಟೊಳ್ಳಾಗಿ ಕೇಳುತ್ತದೆ. ಅಲ್ಲಿ ಪೆನ್ಸಿಲ್ ಗುರುತು ಹಾಕಿ. ಈ ರಿಪೇರಿ ಈಗಲೇ ಆಗಬೇಕು, ಬಣ್ಣ ಹಚ್ಚಿದ ಮೇಲೆ ಮಾಡಿದರೆ ಅಂಟಿನ ಕಲೆ ಶಾಶ್ವತವಾಗಿ ಉಳಿಯುತ್ತದೆ.

ಅಂಚು ಎದ್ದಿದ್ದರೆ ಒಳಗಿನ ಧೂಳನ್ನು ತೆಳು ಬ್ಲೇಡಿನಿಂದ ಕೆರೆದು ತೆಗೆದು, ಫೆವಿಕಾಲ್‌ಗೆ ಸ್ವಲ್ಪ ನೀರು ಬೆರೆಸಿ ಒಳಗೆ ಸವರಿ ಒತ್ತಿ. ನಡುವೆ ಉಬ್ಬಿದ್ದರೆ ಮರದ ಎಳೆಯ ಉದ್ದಕ್ಕೇ ಹೊಸ ಬ್ಲೇಡಿನಿಂದ ಒಂದು ಸಣ್ಣ ಗೀರು ಹಾಕಿ. ಎಳೆಗೆ ಅಡ್ಡವಾಗಿ ಹಾಕಿದರೆ ಗೀರು ಕೊನೆಯವರೆಗೂ ಕಾಣುತ್ತದೆ. ಔಷಧಿ ಅಂಗಡಿಯ ಸಿರಿಂಜಿನಿಂದ ಅಂಟು ಒಳಗೆ ಬಿಟ್ಟು, ಹೊರಬಂದ ಅಂಟನ್ನು ತಕ್ಷಣ ಒದ್ದೆ ಬಟ್ಟೆಯಿಂದ ಒರೆಸಿ. ಮೇಲೆ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಸಮತಟ್ಟಾದ ಹಲಗೆ, ಅದರ ಮೇಲೆ ಭಾರ. ರಾತ್ರಿಯಿಡೀ ಬಿಡಿ.

ತುಂಬಾ ಹಳೆಯ ಚೌಕಟ್ಟಾದರೆ ಅದರ ಅಂಟು ಪ್ರಾಣಿಗಳ ಮೂಳೆ, ಚರ್ಮದಿಂದ ಮಾಡಿದ ಸರೇಸು ಆಗಿರಬಹುದು. ಅದು ಬಿಸಿಗೆ ಮತ್ತೆ ಜೀವ ಪಡೆಯುತ್ತದೆ. ಉಬ್ಬಿನ ಮೇಲೆ ಸ್ವಲ್ಪವೇ ಒದ್ದೆಯಾದ ಬಟ್ಟೆ ಹಾಕಿ, ಕಡಿಮೆ ಬಿಸಿಯ ಇಸ್ತ್ರಿಪೆಟ್ಟಿಗೆಯನ್ನು ಕೆಲವೇ ಸೆಕೆಂಡು ಒತ್ತಿ, ಕೂಡಲೇ ಭಾರ ಇಡಿ. ಎಷ್ಟೋ ಸಲ ಹೊಸ ಅಂಟೇ ಬೇಕಾಗುವುದಿಲ್ಲ. ಇಂಥ ಚೌಕಟ್ಟಿಗೆ ನೀರು ಸುರಿದು ತೊಳೆಯುವುದಾಗಲಿ, ನೀರಿನ ಸ್ಟೇನ್ ಕೊಡುವುದಾಗಲಿ ಸಲ್ಲದು.

ಉಜ್ಜುವುದು

ಇಲ್ಲೇ ಹೆಚ್ಚಿನವರ ಚೌಕಟ್ಟು ಹಾಳಾಗುವುದು, ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಮಷಿನ್ ಸ್ಯಾಂಡರ್ ಕಪಾಟಿನಲ್ಲೇ ಇರಲಿ. ಅರ್ಧ ಮಿ.ಮೀ. ಹಾಳೆಯನ್ನು ಅದು ಅಂಚಿನಲ್ಲಿ ಕ್ಷಣದಲ್ಲಿ ದಾಟಿ ಹೋಗುತ್ತದೆ. ಕೈಯಿಂದಲೇ ಉಜ್ಜಿ.

ಉಪ್ಪುಕಾಗದವನ್ನು ಇಲ್ಲಿನ ಹಾರ್ಡ್‌ವೇರ್ ಅಂಗಡಿಗಳಲ್ಲಿ ಪಾಲಿಶ್ ಪೇಪರ್ ಎಂದು ಕೇಳಿದರೆ ಕೊಡುತ್ತಾರೆ. 180, 220, 320 ಈ ಮೂರು ನಂಬರ್ ಸಾಕು, ನಂಬರ್ ಹೆಚ್ಚಾದಷ್ಟೂ ಕಾಗದ ನಯ. ಕ್ರಾಫರ್ಡ್ ಮಾರ್ಕೆಟ್ ಕಡೆ ಹೋಗುವುದಿದ್ದರೆ ನಾಗದೇವಿ ಸ್ಟ್ರೀಟ್‌ನಲ್ಲಿ ಉಳಿದ ಸಲಕರಣೆಗಳ ಜೊತೆಗೇ ಸಿಗುತ್ತದೆ. ಕಾಗದವನ್ನು ಬೆರಳಿಗೆ ಸುತ್ತಿಕೊಂಡು ಉಜ್ಜಬೇಡಿ. ಬೆರಳು ಒತ್ತಿದ ಕಡೆ ಹಳ್ಳ ಬೀಳುತ್ತದೆ. ಸಮತಟ್ಟಾದ ಮರದ ತುಂಡಿಗೆ ಕಾರ್ಕ್ ಅಥವಾ ದಪ್ಪ ರಬ್ಬರ್ ಅಂಟಿಸಿ ಅದಕ್ಕೆ ಸುತ್ತಿ.

ಒಂದು ಸುಲಭ ಉಪಾಯ ಇದೆ. ಚೌಕಟ್ಟಿನ ಮೇಲೆಲ್ಲ ಪೆನ್ಸಿಲ್‌ನಿಂದ ಹಗುರವಾಗಿ ಗೀಚಿ. ಆಮೇಲೆ ಉಜ್ಜಿ. ಗೀಚು ಮಾಯವಾದ ಕೂಡಲೇ ನಿಲ್ಲಿಸಿ. ಎಲ್ಲಿ ಉಜ್ಜಿದ್ದೇನೆ, ಎಲ್ಲಿ ಇಲ್ಲ, ಎಷ್ಟು ಸಾಕು ಎಂಬ ಮೂರೂ ಪ್ರಶ್ನೆಗೆ ಉತ್ತರ ಅಲ್ಲೇ ಸಿಗುತ್ತದೆ. ಕಾರ್ಖಾನೆಯಿಂದ ಬಂದ ಹೊಸ ವಿನಿಯರ್‌ಗೆ ಸಾಮಾನ್ಯವಾಗಿ 180 ಬೇಕಾಗುವುದೇ ಇಲ್ಲ, ನೇರವಾಗಿ 220ರಿಂದ ಶುರು ಮಾಡಬಹುದು.

ಉಜ್ಜುವ ದಿಕ್ಕು ಯಾವಾಗಲೂ ಮರದ ಎಳೆಯ ಜೊತೆಗೆ. ಕನ್ನಡಿ ಚೌಕಟ್ಟಿನಲ್ಲಿ ಇದು ಸ್ವಲ್ಪ ತಲೆಬಿಸಿ ಮಾಡುತ್ತದೆ. ಮೂಲೆಯಲ್ಲಿ 45 ಡಿಗ್ರಿಯಲ್ಲಿ ಎರಡು ಪಟ್ಟಿ ಸೇರುತ್ತವೆ, ಎರಡರ ಎಳೆಯೂ ಬೇರೆ ದಿಕ್ಕು. ಒಂದೇ ಎಳೆತದಲ್ಲಿ ಮೂಲೆ ದಾಟಿದರೆ ಪಕ್ಕದ ಪಟ್ಟಿಯ ಮೇಲೆ ಅಡ್ಡಗೀರು ಬೀಳುತ್ತದೆ. ಈಗ ಅದು ಕಾಣುವುದಿಲ್ಲ. ಸ್ಟೇನ್ ಬಿದ್ದೊಡನೆ ಕಪ್ಪು ಗೆರೆಯಾಗಿ ಎದ್ದು ಬರುತ್ತದೆ. ಹಾಗಾಗಿ ಜೋಡಣೆಯ ಗೆರೆಯ ಮೇಲೆ ಒಂದು ಸ್ಟೀಲ್ ಸ್ಕೇಲ್ ಒತ್ತಿ ಹಿಡಿದು, ಅಲ್ಲಿಗೆ ನಿಲ್ಲುವಂತೆ ಉಜ್ಜಿ. ಕೆಲವು ಅಲಂಕಾರದ ಚೌಕಟ್ಟುಗಳಲ್ಲಿ ಎಳೆ ಪಟ್ಟಿಯ ಉದ್ದಕ್ಕೆ ಇರುವುದಿಲ್ಲ, ಅಗಲಕ್ಕೆ ಇರುತ್ತದೆ. ಅಲ್ಲಿ ಸಣ್ಣ ತುಂಡು ಕಾಗದದಿಂದ ಒಳಗಿನಿಂದ ಹೊರಕ್ಕೆ ಗಿಡ್ಡ ಗಿಡ್ಡ ಎಳೆತವೇ ಗತಿ. ಬೇಜಾರಿನ ಕೆಲಸ ನಿಜ, ಆದರೆ ಅಡ್ಡ ಎಳೆಯ ವಿನಿಯರ್ ಪಾಲಿಶ್ ಆದ ಮೇಲೆ ಕೊಡುವ ಮಿನುಗು ಬೇರೆ ಯಾವುದಕ್ಕೂ ಬರುವುದಿಲ್ಲ.

ಅಂಚು ಮತ್ತು ಮೂಲೆಗಳನ್ನು ಕಡೆಗೆ ಬಿಡಿ. 320ರಲ್ಲಿ ಒಂದೆರಡು ಸಲ ಸವರಿದರೆ ಸಾಕು. ಹಾಳೆ ಮೊದಲು ಸವೆದು ಹೋಗುವುದೇ ಅಲ್ಲಿ. ಎಲ್ಲ ಕಡೆಯೂ ಒಂದೇ ನಂಬರ್‌ನಲ್ಲಿ ಮುಗಿಸಿ, ಯಾಕೆಂದರೆ ಕಾಗದ ನುಣುಪಾದಷ್ಟೂ ಮರ ಬಣ್ಣ ಕುಡಿಯುವುದು ಕಡಿಮೆ. ಒಂದು ಪಟ್ಟಿ 180ಕ್ಕೆ ನಿಂತು ಇನ್ನೊಂದು 320ಕ್ಕೆ ಹೋದರೆ ಎರಡಕ್ಕೂ ಎರಡು ಬಣ್ಣ ಬರುತ್ತದೆ. ಹೊರ ಅಂಚಿನ ಗಟ್ಟಿಮರದ ಬೀಡಿಂಗ್‌ಗೆ ಮಾತ್ರ ವಿನಾಯಿತಿ. ಅದರ ತುದಿಗಳು ಬಣ್ಣ ಜಾಸ್ತಿ ಕುಡಿಯುವುದರಿಂದ ಅವನ್ನು ಬೇಕಂತಲೇ ಒಂದು ನಂಬರ್ ಹೆಚ್ಚು ನುಣುಪು ಮಾಡಿ.

ಉಜ್ಜಿ ಮುಗಿಸಿ ಧೂಳು ಒರೆಸಿದ ಮೇಲೆ ಇಡೀ ಚೌಕಟ್ಟಿನ ಮೇಲೆ ಟರ್ಪಂಟೈನ್ ಒರೆಸಿ, ಓರೆ ಬೆಳಕಿನಲ್ಲಿ ನೋಡಿ. ಮರ ಒದ್ದೆಯಾಗಿ ಗಾಢವಾದ ಕಡೆ ಬೆಳ್ಳಗೆ ಉಳಿದ ಮಚ್ಚೆಗಳು ಕಂಡರೆ ಅವು ಅಂಟಿನ ಕಲೆ. ಮೂಲೆಗಳಲ್ಲಿ ಇದ್ದೇ ಇರುತ್ತವೆ. ಬ್ಲೇಡನ್ನು ನೆಟ್ಟಗೆ ಹಿಡಿದು ಮೆಲ್ಲಗೆ ಕೆರೆದರೆ ಹೋಗುತ್ತವೆ. ಅಂಟು ಇರುವ ಕಡೆ ಯಾವ ಸ್ಟೇನೂ ಇಳಿಯುವುದಿಲ್ಲ. ಆಮೇಲೆ ಅಡ್ಡಗೀರು ಏನಾದರೂ ಉಳಿದಿದ್ದರೆ ಅದೂ ಈಗಲೇ ಕಾಣುತ್ತದೆ. ಬಣ್ಣ ಬಿದ್ದ ಮೇಲೆ ಚೌಕಟ್ಟು ಹೇಗೆ ಕಾಣುತ್ತದೆ ಎಂಬುದರ ಅಂದಾಜೂ ಇದೇ ಒದ್ದೆ ಮರದಲ್ಲಿ ಸಿಗುತ್ತದೆ, ಅಲ್ವಾ?

ಯಾವ ಸ್ಟೇನ್?

ನೀರಿನದು, ಸ್ಪಿರಿಟ್ ಅಥವಾ ಥಿನ್ನರ್‌ನದು, ಎಣ್ಣೆಯದು ಎಂದು ಮೂರು ಬಗೆ. ನೀರಿನ ಸ್ಟೇನ್ ಬಣ್ಣ ಸ್ವಚ್ಛ, ವಾಸನೆ ಇಲ್ಲ. ಆದರೆ ಅದು ಮರದ ನಾರನ್ನು ಎಬ್ಬಿಸುತ್ತದೆ, ಎಂಡಿಎಫ್ ಅಂಚನ್ನು ಉಬ್ಬಿಸುತ್ತದೆ. ಸ್ಪಿರಿಟ್ ಸ್ಟೇನ್ ನಿಮಿಷದಲ್ಲಿ ಒಣಗುತ್ತದೆ, ಕೈ ಚುರುಕಿಲ್ಲದಿದ್ದರೆ ಬಟ್ಟೆ ಎರಡು ಸಲ ಹೋದ ಕಡೆ ಪಟ್ಟೆ ಬೀಳುತ್ತದೆ. ಮುಂಬೈಯಲ್ಲಿ ಮೊದಲ ಸಲ ಮಾಡುವವರಿಗೆ ನಾನು ಎಣ್ಣೆಯದನ್ನೇ ಹೇಳುತ್ತೇನೆ. ನಿಧಾನ ಒಣಗುತ್ತದೆ, ಒರೆಸಲು ಸಮಯ ಕೊಡುತ್ತದೆ, ಜಾಸ್ತಿಯಾದರೆ ಟರ್ಪಂಟೈನ್‌ನಿಂದ ಹಿಂದಕ್ಕೆ ತರಬಹುದು. ಡಬ್ಬಿಯ ಮೇಲೆ ತೆಳು ಮಾಡಲು ಏನು ಬೆರೆಸಬೇಕು ಎಂದು ಬರೆದಿರುತ್ತದೆ. ಅದನ್ನು ಓದಿದರೆ ಯಾವ ಬಗೆ ಎಂದು ಗೊತ್ತಾಗುತ್ತದೆ. ವಿನಿಯರನ್ನು ಹಳದಿ ಬಣ್ಣದ ಕಾಂಟ್ಯಾಕ್ಟ್ ಅಂಟಿನಿಂದ ಕೂರಿಸಿದ್ದರೆ ಥಿನ್ನರ್‌ನ ಸ್ಟೇನನ್ನು ಧಾರಾಳವಾಗಿ ಸುರಿಯಬೇಡಿ. ಅದು ಅಂಟಿಗೆ ಇಳಿದು ಗುಳ್ಳೆ ಎಬ್ಬಿಸುತ್ತದೆ.

ಮರಕ್ಕೆ ತಕ್ಕ ಹಾಗೆ ಬಣ್ಣವೂ ಬದಲಾಗುತ್ತದೆ. ತೇಗದಲ್ಲಿ ಸಹಜವಾದ ಎಣ್ಣೆ ಇರುವುದರಿಂದ ಸ್ಟೇನ್ ಹಚ್ಚುವ ಮುಂಚೆ ಥಿನ್ನರ್ ಬಟ್ಟೆಯಿಂದ ಒಮ್ಮೆ ಒರೆಸಿದರೆ ಒಳ್ಳೆಯದು. ಓಕ್, ಆ್ಯಶ್‌ನಂಥ ದೊಡ್ಡ ರಂಧ್ರದ ಮರದಲ್ಲಿ ಬಣ್ಣ ಎಳೆಯೊಳಗೆ ಕೂತು ಗೆರೆಗಳು ಎದ್ದು ಕಾಣುತ್ತವೆ. ಬೀಟೆ ಮರಕ್ಕೆ ಸ್ಟೇನ್ ಬೇಡ ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಅದರ ಬಣ್ಣಕ್ಕೆ ಸೇರಿಸುವಂಥದ್ದು ಏನೂ ಇಲ್ಲ. ಜೊತೆಗೆ ಬೀಟೆಯ ಒಳಗಿನ ನೇರಳೆ ಬಣ್ಣ ಸ್ಪಿರಿಟ್‌ಗೆ ಕರಗಿ ಹರಿಯುತ್ತದೆ, ಪಕ್ಕದಲ್ಲಿ ಬಿಳಿ ಮರದ ಪಟ್ಟಿ ಇದ್ದರೆ ಅದಕ್ಕೆ ಅಂಟಿಕೊಳ್ಳುತ್ತದೆ.

ಡಬ್ಬಿಯ ಮೇಲಿನ ಬಣ್ಣವನ್ನು ನಂಬಬೇಡಿ. ವಾಲ್‌ನಟ್ ಎಂದು ಬರೆದ ಸ್ಟೇನ್ ಆ್ಯಶ್ ಮೇಲೆ ಒಂದು ಬಣ್ಣ, ತೇಗದ ಮೇಲೆ ಇನ್ನೊಂದು. ಚೌಕಟ್ಟು ಮಾಡಿಸುವಾಗಲೇ ಆಚಾರಿಗಳ ಹತ್ತಿರ ಅದೇ ವಿನಿಯರ್‌ನ ಒಂದು ತುಂಡು ಕೇಳಿ ಇಟ್ಟುಕೊಳ್ಳಿ. ಅದನ್ನು ಚೌಕಟ್ಟಿನ ಹಾಗೆಯೇ ಉಜ್ಜಿ, ಸ್ಟೇನ್ ಹಚ್ಚಿ, ಅದರ ಮೇಲೆ ನೀವು ಕೊಡಲಿರುವ ಪಾಲಿಶನ್ನೂ ಕೊಡಿ. ಪಾಲಿಶ್ ಬೀಳದೆ ನಿಜವಾದ ಬಣ್ಣ ಗೊತ್ತಾಗುವುದಿಲ್ಲ. ಆ ತುಂಡನ್ನು ಕನ್ನಡಿ ನೇತು ಹಾಕುವ ಗೋಡೆಗೇ ಹಿಡಿದು ಬೆಳಿಗ್ಗೆಯ ಬೆಳಕಿನಲ್ಲೂ ರಾತ್ರಿಯ ದೀಪದಲ್ಲೂ ನೋಡಿ. ಹಳದಿ ಎಲ್‌ಇಡಿಯಲ್ಲಿ ಕೆಂಪು ಜಾಸ್ತಿ ಕಾಣುತ್ತದೆ. ತೀರಾ ಕೆಂಪಾಯಿತು ಅನಿಸಿದರೆ ಸ್ಟೇನ್‌ಗೆ ಹಸಿರು ಛಾಯೆಯ ಕಂದು ಒಂದೆರಡು ಹನಿ ಬೆರೆಸಿ, ಕೆಂಪು ತಗ್ಗುತ್ತದೆ.

ಬಣ್ಣ ಹಚ್ಚುವ ಮುಂಚೆ ಮೂರು ಜಾಗ

ಮೊದಲನೆಯದು ಒಳಸೇರಿಸಿದ ಅಲಂಕಾರದ ಗೆರೆ. ಚೌಕಟ್ಟಿನಲ್ಲಿ ಬಿಳಿ ಮರದ ತೆಳು ಪಟ್ಟಿ ಇದ್ದರೆ ಸ್ಟೇನ್ ಅದನ್ನೂ ಕಂದು ಮಾಡುತ್ತದೆ, ಚೌಕಟ್ಟಿನ ಚೆಂದವೇ ಹೋಗುತ್ತದೆ. ಸಣ್ಣ ಕುಂಚದಿಂದ ಆ ಗೆರೆಯ ಮೇಲೆ ಮಾತ್ರ ತೆಳು ಅರಗಿನ ಪಾಲಿಶ್ ಎರಡು ಸಲ ಎಳೆದು ಒಣಗಿಸಿ. ಎಣ್ಣೆ ಸ್ಟೇನ್ ಅದರ ಮೇಲೆ ನಿಲ್ಲುವುದಿಲ್ಲ, ಒರೆಸಿದರೆ ಬರುತ್ತದೆ. ಸ್ಪಿರಿಟ್ ಸ್ಟೇನ್ ಆದರೆ ಈ ಉಪಾಯ ನಡೆಯದು, ಅರಗೇ ಕರಗಿಬಿಡುತ್ತದೆ.

ಎರಡನೆಯದು ಬುಕ್ ಮ್ಯಾಚ್ ಮಾಡಿದ ಹಾಳೆಗಳು. ದಿಮ್ಮಿಯಿಂದ ಚಾಕು ಹಾಳೆಯನ್ನು ಸೀಳುವಾಗ ಒಂದು ಮುಖದಲ್ಲಿ ಸೂಕ್ಷ್ಮ ಬಿರುಕುಗಳು ಮೂಡುತ್ತವೆ, ಇನ್ನೊಂದು ಮುಖ ಬಿಗಿಯಾಗಿ ಉಳಿಯುತ್ತದೆ. ಎಡ ಬಲ ಕನ್ನಡಿಬಿಂಬದಂತೆ ಜೋಡಿಸಲು ಒಂದು ಹಾಳೆಯನ್ನು ಮಗುಚಲೇಬೇಕು. ಹಾಗಾಗಿ ಒಂದರ ಬಿಗಿ ಮುಖ ಮೇಲೆ, ಇನ್ನೊಂದರ ಬಿರುಕಿನ ಮುಖ ಮೇಲೆ. ಬಿರುಕಿನ ಮುಖ ಬಣ್ಣ ಜಾಸ್ತಿ ಕುಡಿಯುತ್ತದೆ. ಅದಕ್ಕೇ ಕೆಲವು ಚೌಕಟ್ಟುಗಳಲ್ಲಿ ಒಂದು ಹಾಳೆ ಗಾಢ, ಪಕ್ಕದ್ದು ತಿಳಿಯಾಗಿ ಕಾಣುವುದು. ಅಂಥ ಚೌಕಟ್ಟಿಗೆ ಸ್ಟೇನ್‌ಗೆ ಮುಂಚೆ ಬಹಳ ತೆಳುವಾದ ಅರಗಿನ ಒಂದು ಕೈ ಕೊಟ್ಟು, ಒಣಗಿದ ಮೇಲೆ 320ರಲ್ಲಿ ಹಗುರವಾಗಿ ಉಜ್ಜಿದರೆ ವ್ಯತ್ಯಾಸ ಬಹಳಷ್ಟು ತಗ್ಗುತ್ತದೆ.

ಮೂರನೆಯದನ್ನು ಸಾಮಾನ್ಯವಾಗಿ ಎಲ್ಲರೂ ಮರೆಯುತ್ತಾರೆ. ಕನ್ನಡಿ ಕೂರುವ ಒಳ ಮೆಟ್ಟಿಲು. ಚಿತ್ರದ ಚೌಕಟ್ಟಿನಲ್ಲಿ ಅದು ಕಾಣುವುದಿಲ್ಲ. ಕನ್ನಡಿಯಲ್ಲಿ ಆ ಅಂಚಿನ ಹಿಂಬದಿ ಗಾಜಿನಲ್ಲಿ ಪ್ರತಿಫಲಿಸುತ್ತದೆ. ಅಲ್ಲಿ ಬಿಳಿ ಪ್ಲೈ ಹಾಗೇ ಬಿಟ್ಟಿದ್ದರೆ ಇಡೀ ಕನ್ನಡಿಯ ಸುತ್ತ ಒಂದು ಬಿಳಿ ಗೆರೆ ಕಾಣುತ್ತಲೇ ಇರುತ್ತದೆ. ಮೆಟ್ಟಿಲಿಗೂ ಅಂಚಿನ ಹಿಂಬದಿಗೂ ಕಪ್ಪು ಅಥವಾ ಅತಿ ಗಾಢ ಕಂದು ಬಣ್ಣ ಬಳಿಯಿರಿ. ಐದು ನಿಮಿಷದ ಕೆಲಸ.

ಹಚ್ಚುವುದು, ಒರೆಸುವುದು

ಸ್ಟೇನ್ ಡಬ್ಬಿಯನ್ನು ತಳದಿಂದ ಚೆನ್ನಾಗಿ ಕಲಕಿ. ಬಣ್ಣದ ಪುಡಿ ಕೆಳಗೆ ಕೂತಿರುತ್ತದೆ. ಹಳೆಯ ಪಂಚೆಯ ತುಂಡಿಗಿಂತ ಒಳ್ಳೆಯ ಬಟ್ಟೆ ಈ ಕೆಲಸಕ್ಕೆ ಇಲ್ಲ. ಒಗೆದು ಒಗೆದು ನಾರು ಬಿಡುವುದು ನಿಂತಿರುತ್ತದೆ. ಒಂದು ಸಲಕ್ಕೆ ಚೌಕಟ್ಟಿನ ಒಂದು ಬದಿ ಮಾತ್ರ. ಬಟ್ಟೆಯಿಂದ ಧಾರಾಳವಾಗಿ ಹಚ್ಚಿ, ಮೂರು ನಾಲ್ಕು ನಿಮಿಷ ಬಿಟ್ಟು, ಒಣ ಬಟ್ಟೆಯಿಂದ ಎಳೆಯ ದಿಕ್ಕಿನಲ್ಲಿ ಪೂರ್ತಿ ಒರೆಸಿ. ಮೇಲೆ ಉಳಿದ ಬಣ್ಣ ಒಣಗಿ ಅಂಟಂಟಾಗುತ್ತದೆ, ಅದರ ಮೇಲೆ ಪಾಲಿಶ್ ನಿಲ್ಲುವುದಿಲ್ಲ. ಮೂಲೆ ಜೋಡಣೆಯ ಗೆರೆಯಲ್ಲಿ ಬಣ್ಣ ಕೂತಿದ್ದರೆ ಒಣ ಕುಂಚದ ತುದಿಯಿಂದ ಎತ್ತಿ ತೆಗೆಯಿರಿ.

ಬಣ್ಣ ಸಾಲದೆಂದರೆ ಮಾರನೆಯ ದಿನ ಎರಡನೇ ಕೈ. ಮೊದಲ ಸಲವೇ ಗಾಢ ಮಾಡಲು ಹೋಗಬೇಡಿ. ಜಾಸ್ತಿಯಾದರೆ ಉಜ್ಜಿ ತೆಗೆಯುವಷ್ಟು ಮರ ನಮ್ಮ ಹತ್ತಿರ ಇಲ್ಲ. ಎಲ್ಲಾದರೂ ಹಾಳೆ ಸವೆದು ಕೆಳಗಿನ ಪ್ಲೈ ಕಂಡರೆ, ಅರಗಿನ ಪಾಲಿಶ್‌ನಲ್ಲಿ ಸ್ವಲ್ಪ ಬಣ್ಣದ ಪುಡಿ ಕಲಸಿ, ತೆಳು ಕುಂಚದಿಂದ ಎಳೆಯ ಗೆರೆಗಳನ್ನೇ ಬಿಡಿಸಿ. ಒಂದೇ ಬಣ್ಣ ಬಳಿದರೆ ಮಚ್ಚೆ ಕಾಣುತ್ತದೆ, ಎರಡು ಮೂರು ಛಾಯೆಯ ಗೆರೆ ಎಳೆದರೆ ಕಣ್ಣಿಗೆ ಬೀಳುವುದಿಲ್ಲ.

ಎಣ್ಣೆ ಸ್ಟೇನ್ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಕಸದ ಬುಟ್ಟಿಗೆ ಎಸೆಯಬೇಡಿ. ಅಗಸೆ ಎಣ್ಣೆಯಂಥ ಒಣಗುವ ಎಣ್ಣೆಗಳು ಗಾಳಿಯ ಆಮ್ಲಜನಕದೊಡನೆ ಸೇರುವಾಗ ಬಿಸಿ ಹುಟ್ಟುತ್ತದೆ, ಮುದ್ದೆಯೊಳಗೆ ಅದು ಹೊರಹೋಗಲಾರದೆ ಬಟ್ಟೆ ತಾನಾಗಿಯೇ ಹೊತ್ತಿಕೊಳ್ಳಬಹುದು. ನೀರಿನ ಬಕೆಟ್ಟಿಗೆ ಹಾಕಿ, ಅಥವಾ ಬಾಲ್ಕನಿಯ ಗ್ರಿಲ್ ಮೇಲೆ ಬಿಡಿಸಿ ಹರವಿ ಒಣಗಿಸಿ, ಆಮೇಲೆ ಎಸೆಯಿರಿ. ಕೆಲಸ ನಡೆಯುವ ಹೊತ್ತು ಗ್ಯಾಸ್ ಒಲೆ ಬೇಡ. ದೇವರ ದೀಪ ಶಾಂತವಾದ ಮೇಲೆಯೇ ಡಬ್ಬಿ ತೆರೆಯಿರಿ, ಊದುಬತ್ತಿಯೂ ಬೇಡ.

ಮೇಲಿನ ಪಾಲಿಶ್, ಮುಂಬೈ ಗಾಳಿ

ಸ್ಟೇನ್ ಪೂರ್ತಿ ಒಣಗಬೇಕು. ಚಳಿಗಾಲದಲ್ಲಿ ಒಂದು ದಿನ, ಗಾಳಿ ಪಸೆಯಿದ್ದರೆ ಎರಡು ಮೂರು. ಬಿಳಿ ಬಟ್ಟೆಯಿಂದ ಒತ್ತಿ ಒರೆಸಿದಾಗ ಬಣ್ಣ ಬರದಿದ್ದರೆ ಮುಂದುವರಿಯಿರಿ.

ಹಾಲ್ ಅಥವಾ ಮಲಗುವ ಕೋಣೆಯ ಕನ್ನಡಿಗೆ ನನ್ನ ಆಯ್ಕೆ ಅರಗಿನ ಪಾಲಿಶ್. ಅರಗು ನಮ್ಮದೇ ನೆಲದ ವಸ್ತು. ಮುತ್ತುಗ, ಬೋರೆಯಂಥ ಮರಗಳ ರೆಂಬೆಯ ಮೇಲೆ ಸಣ್ಣ ಕೀಟಗಳು ಸುರಿಸುವ ರಾಳ ಅದು. ಜಾರ್ಖಂಡ್ ಅದರ ದೊಡ್ಡ ತವರು, ಅರಗಿನ ಸಂಶೋಧನೆಗೆಂದೇ 1924ರಲ್ಲಿ ರಾಂಚಿಯ ಹತ್ತಿರ ಸಂಸ್ಥೆ ಶುರುವಾಗಿತ್ತು. ಇಲ್ಲಿನ ಪಾಲಿಶ್‌ನವರು ಅದರ ಚಕ್ಕೆಗೆ ಚಪಡಾ ಎನ್ನುತ್ತಾರೆ. ಗಾಜಿನ ಬಾಟಲಿಯಲ್ಲಿ 100 ಮಿ.ಲೀ. ಪಾಲಿಶ್ ಸ್ಪಿರಿಟ್‌ಗೆ 12 ಗ್ರಾಂ ಚಕ್ಕೆ ಹಾಕಿದರೆ ತೆಳು ಪಾಲಿಶ್, 24 ಗ್ರಾಂ ಹಾಕಿದರೆ ಮಾಮೂಲಿ. ಒಂದು ರಾತ್ರಿ ನೆನೆಸಿ, ಆಗಾಗ ಅಲ್ಲಾಡಿಸಿ, ಬಟ್ಟೆಯಲ್ಲಿ ಸೋಸಿ. ಕಬ್ಬಿಣದ ಡಬ್ಬಿ ಬೇಡ, ಬಣ್ಣ ಕಪ್ಪಾಗುತ್ತದೆ. ಬೇಕಾದಷ್ಟೇ ಮಾಡಿಕೊಳ್ಳಿ. ಆರು ತಿಂಗಳು ಹಳೆಯದಾದ ಅರಗಿನ ಪಾಲಿಶ್ ಗಟ್ಟಿಯಾಗಿ ಒಣಗುವ ಗುಣ ಕಳೆದುಕೊಳ್ಳುತ್ತದೆ. ಪಾಲಿಶ್ ಸ್ಪಿರಿಟ್ ವಿಷ, ಮಕ್ಕಳ ಕೈಗೆ ಸಿಗದ ಕಡೆ ಇಡಿ.

ಮೊದಲು ತೆಳು ಪಾಲಿಶ್ ಒಂದು ಕೈ. ಒಣಗಿದ ಮೇಲೆ 320ರಲ್ಲಿ ಕೈಗೆ ತಾಗುವ ಕಾಳು ಹೋಗುವಷ್ಟು ಮಾತ್ರ ಸವರಿ. ಆಮೇಲೆ ಮಾಮೂಲಿ ಪಾಲಿಶನ್ನು, ಹತ್ತಿಯ ಉಂಡೆಗೆ ಪಂಚೆಯ ತುಂಡು ಸುತ್ತಿ, ತೆಳುವಾಗಿ ಕೊಡುತ್ತಾ ಹೋಗಿ. ಉಂಡೆ ಚೌಕಟ್ಟಿನ ಮೇಲೆ ನಿಲ್ಲಬಾರದು. ಒಂದು ತುದಿಯಿಂದ ಜಾರಿ ಬಂದು ಇನ್ನೊಂದು ತುದಿಯಿಂದ ಜಾರಿ ಹೋಗಬೇಕು. ನಿಂತರೆ ಕೆಳಗಿನ ಪದರ ಕರಗಿ ಅಂಟಿಕೊಳ್ಳುತ್ತದೆ. ದಿನಕ್ಕೆ ಮೂರು ನಾಲ್ಕು ಕೈ, ಎರಡು ಮೂರು ದಿನ. ದಪ್ಪವಾಗಿ ಒಂದು ಕೈ ಕೊಡುವುದಕ್ಕಿಂತ ತೆಳುವಾಗಿ ನಾಲ್ಕು ಕೈ ಎಷ್ಟೋ ಮೇಲು.

ಈಗ ಗಾಳಿಯ ವಿಷಯ. ಸ್ಪಿರಿಟ್, ಥಿನ್ನರ್ ಬೇಗ ಆರುವಾಗ ಮೇಲ್ಮೈ ತಂಪಾಗುತ್ತದೆ. ಗಾಳಿಯಲ್ಲಿ ನೀರು ಜಾಸ್ತಿ ಇದ್ದರೆ ಆ ತಂಪಿಗೆ ಹನಿಗಟ್ಟಿ ಪಾಲಿಶ್ ಒಳಗೇ ಸಿಕ್ಕಿಕೊಳ್ಳುತ್ತದೆ. ಪಾಲಿಶ್ ಹಾಲುಬಿಳುಪಾಗುವುದು ಹೀಗೆ. ಬೆಳಿಗ್ಗೆ ಬೇಗ ಮತ್ತು ಸಂಜೆಯ ಮೇಲೆ ಪಸೆ ಜಾಸ್ತಿ. ಹನ್ನೊಂದರಿಂದ ನಾಲ್ಕರ ನಡುವೆ ಪಾಲಿಶ್ ಕೊಡಿ. ಬಿಳುಪಾದರೆ ಹೆದರಬೇಡಿ. ಒಣ ದಿನ ನೋಡಿ, ಹಿಂಡಿದ ಬಟ್ಟೆಯಲ್ಲಿ ಒಂದಿಷ್ಟೇ ಸ್ಪಿರಿಟ್ ತೆಗೆದುಕೊಂಡು ಹಗುರವಾಗಿ ಸವರಿದರೆ ಪದರ ಮೆತ್ತಗಾಗಿ ನೀರು ಹೊರಹೋಗುತ್ತದೆ. ಎನ್‌ಸಿ ಲ್ಯಾಕರ್ ಆದರೆ ನಿಧಾನ ಆರುವ ರಿಟಾರ್ಡರ್ ಥಿನ್ನರ್ ಬೆರೆಸಬೇಕು.

ಕೈತೊಳೆಯುವ ಜಾಗದ ಹತ್ತಿರದ ಕನ್ನಡಿಗೆ ಅರಗು ಸಲ್ಲದು, ನೀರು ಬಿದ್ದ ಕಡೆ ಬಿಳಿ ಕಲೆ ಉಳಿಯುತ್ತದೆ. ಅಲ್ಲಿಗೆ ನೀರು ಬೆರೆಸಿ ತೆಳು ಮಾಡುವ ಬಗೆಯ ಪಿಯು ಒಳ್ಳೆಯದು. ಎಣ್ಣೆ ಸ್ಟೇನ್ ಮೇಲೆ ಅದನ್ನು ಕೊಡುವ ಮುಂಚೆ ಮೇಣ ತೆಗೆದ ಅರಗಿನ ಒಂದು ತೆಳು ಕೈ ನಡುವೆ ಇರಲಿ. ಮೇಣ ಇರುವ ಅರಗಿನ ಮೇಲೆ ಪಿಯು ಸರಿಯಾಗಿ ಹಿಡಿಯುವುದಿಲ್ಲ. ಮೆಲಮೈನ್ ಮತ್ತು ಎರಡು ಡಬ್ಬಿಯ ಪಿಯು ಗಟ್ಟಿ ಬರುತ್ತವೆ, ಆದರೆ ಒಂದರಿಂದ ಫಾರ್ಮಾಲ್ಡಿಹೈಡ್, ಇನ್ನೊಂದರ ಗಟ್ಟಿಕಾರಕದಲ್ಲಿ ಐಸೊಸಯನೇಟ್. ಜನ ವಾಸವಿರುವ ಫ್ಲ್ಯಾಟ್‌ನಲ್ಲಿ ಅವನ್ನು ಸ್ಪ್ರೇ ಮಾಡಬೇಡಿ. ಬೇಕೇ ಬೇಕೆಂದರೆ ಚೌಕಟ್ಟನ್ನು ಪಾಲಿಶ್‌ನವರ ವರ್ಕ್‌ಶಾಪಿಗೆ ಕೊಟ್ಟು ಮಾಡಿಸಿ. ಬಚ್ಚಲುಮನೆಯ ಒಳಗೆ ವಿನಿಯರ್ ಚೌಕಟ್ಟೇ ಬೇಡ.

ಹೊಳಪಿನ ಬಗ್ಗೆ ಒಂದು ಮಾತು. ಕನ್ನಡಿಯೇ ಹೊಳೆಯುವ ವಸ್ತು. ಪಕ್ಕದ ಚೌಕಟ್ಟೂ ಹೊಳೆದರೆ ಕಣ್ಣು ಎಲ್ಲೂ ನಿಲ್ಲುವುದಿಲ್ಲ, ಜೊತೆಗೆ ಪ್ಲೈಯ ಪ್ರತಿ ಉಬ್ಬುತಗ್ಗೂ ಕಾಣುತ್ತದೆ. ಪಾಲಿಶ್ ಎರಡು ವಾರ ಗಟ್ಟಿಯಾಗಲು ಬಿಟ್ಟು, ಬಹಳ ನಯವಾದ ಸ್ಟೀಲ್ ವುಲ್‌ಗೆ ಜೇನುಮೇಣದ ಪಾಲಿಶ್ ಹಚ್ಚಿ ಎಳೆಯ ದಿಕ್ಕಿನಲ್ಲಿ ಸವರಿ, ಮೆತ್ತನೆಯ ಬಟ್ಟೆಯಿಂದ ಒರೆಸಿ. ಆಗ ಬರುವ ಮಂದ ಮೆರುಗು ವಿನಿಯರ್‌ಗೆ ಹೇಳಿ ಮಾಡಿಸಿದ್ದು.

ಚೌಕಟ್ಟಿನ ಹಿಂಬದಿಗೂ ಎರಡು ಕೈ ಪಾಲಿಶ್ ಕೊಡಿ. ಕಾಣುವುದಿಲ್ಲ ಎಂದು ಬಿಟ್ಟರೆ ಮಳೆಗಾಲದಲ್ಲಿ ಹಿಂದಿನಿಂದ ಪಸೆ ಹೀರಿ ಚೌಕಟ್ಟು ಬಾಗುತ್ತದೆ.

ಗೋಡೆಗೆ

ಮೆಟ್ಟಿಲಿಗೆ ಬಳಿದ ಬಣ್ಣ ಒಣಗಿದೆಯೇ, ಥಿನ್ನರ್ ವಾಸನೆ ಪೂರ್ತಿ ಹೋಗಿದೆಯೇ ನೋಡಿ ಕನ್ನಡಿ ಕೂರಿಸಿ. ಹಿಂದಿನ ಹಲಗೆಗೆ ಹಿತ್ತಾಳೆಯ ಮೊಳೆ ಅಥವಾ ಸ್ಕ್ರೂ ಬಳಸಿ, ಸಮುದ್ರದ ಗಾಳಿಗೆ ಕಬ್ಬಿಣ ಬೇಗ ತುಕ್ಕು ಹಿಡಿಯುತ್ತದೆ. ಹೊಸ ಕಟ್ಟಡಗಳ ಒಳಗೋಡೆ ಹೆಚ್ಚಾಗಿ ಸಿಪೊರೆಕ್ಸ್ ಎಂಬ ಹಗುರ ಕಾಂಕ್ರೀಟ್ ಬ್ಲಾಕಿನದು, ಮಾಮೂಲಿ ಪ್ಲಗ್ ಅದರಲ್ಲಿ ಸಡಿಲವಾಗುತ್ತದೆ. ಆ ಬ್ಲಾಕಿಗೆಂದೇ ಮಾಡಿದ ಪ್ಲಗ್ ಕೇಳಿ, ಗಾಜಿನ ತೂಕಕ್ಕೆ ಚೌಕಟ್ಟಿನ ತೂಕವನ್ನೂ ಸೇರಿಸಿ ಲೆಕ್ಕ ಹಾಕಿ, ಒಂದರ ಬದಲು ಎರಡು ಕೊಕ್ಕೆ ಹಾಕಿ.

ಮಳೆ ಹೊಡೆಯುವ ಹೊರಗೋಡೆ ಬೇಡ, ಒಳಗೋಡೆ ಆರಿಸಿ. ಚೌಕಟ್ಟಿನ ಹಿಂದಿನ ನಾಲ್ಕು ಮೂಲೆಗೂ ಕಾರ್ಕ್ ಬಿಲ್ಲೆ ಅಂಟಿಸಿದರೆ ಗೋಡೆಗೂ ಚೌಕಟ್ಟಿಗೂ ನಡುವೆ ಗಾಳಿ ಆಡುತ್ತದೆ. ಗಾಜು ಒರೆಸುವಾಗ ಕ್ಲೀನರನ್ನು ಕನ್ನಡಿಯ ಮೇಲೆ ಸ್ಪ್ರೇ ಮಾಡಬೇಡಿ, ಅದು ಕೆಳಗಿಳಿದು ಚೌಕಟ್ಟಿನ ಸಂದಿಗೆ ಸೇರುತ್ತದೆ. ಅದರಲ್ಲಿರುವ ಅಮೋನಿಯಾ ಅರಗನ್ನೂ ಬೆಳ್ಳಿಯ ಲೇಪವನ್ನೂ ಎರಡನ್ನೂ ತಿನ್ನುತ್ತದೆ. ಬಟ್ಟೆಗೆ ಹಾಕಿಕೊಂಡು, ಅಂಚಿಗೆ ಒಂದು ಬೆರಳು ಮೊದಲೇ ನಿಲ್ಲಿಸಿ, ಆ ಅಂಚನ್ನು ಒಣ ಬಟ್ಟೆಯಿಂದ ಒರೆಸಿ.